ರೇಡಿಯೇಟರಿನೊಳಗೆ ಹೊಕ್ಕ ಜರಿ

ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಬಿಂದುಮಾಧವರು ಅಂಗೈ ಮೇಲೆ ಉಕ್ಕಿನ ಜರಿಹುಳವೊಂದನ್ನು ಹಿಡಿದು ನಿಂತಿದ್ದರು.

"ನೋಡು ಅಂಬೂ! ನಲವತ್ತು ಕಾಲು! ಒಂದೊಂದು ಕಾಲಿಗೂ ಒಂದೊಂದು ಬ್ರಶ್ಶು!"

"ಅಯ್ಯ, ಕೂಸು ಮಲಗೇದ. ಆ ಹುಳಾ ಇತ್ತಾಗ ತರಬ್ಯಾಡ್ರಿ!"

"ಹುಳಾ ಅಲ್ಲ, ಯಂತ್ರ! ಹೇಳಿದ್ದು ತಿಳೀತದ ಇದಕ್ಕ!"

ಇವರ ಪ್ರಯೋಗಾಲಯದ ಕೆಲಸಕ್ಕೆಂದು ಧಾರವಾಡದಿಂದ ಮಾಸ್ಕೋಗೆ ಬಂದು ವರ್ಷವಾಗಿತ್ತು. ಒಂಬತ್ತು ಅಂತಸ್ತಿನ ಕಟ್ಟಡದಲ್ಲಿ ನಮ್ಮವು ಎರಡು ಕೋಣೆ. ಹೊರಗೆ ಮೈನಸ್ ಇಪ್ಪತ್ತು ಡಿಗ್ರಿ ಚಳಿ. ನಾನು ಇಪ್ಪತ್ತು ದಿನದ ಬಾಣಂತಿ. ಎಣ್ಣೆ ಹಚ್ಚಿ ಎರೆಯಲು ಅವ್ವ ಇಲ್ಲ, ಮಾತಿಗೊಬ್ಬರಿಲ್ಲ. ಮೆಟ್ಟಿಲಲ್ಲಿ ಸಿಕ್ಕವರು ತಲೆಯಾಡಿಸಿ ಹೋಗುತ್ತಿದ್ದರು, ಅಷ್ಟೇ. ಸಾಲದ್ದಕ್ಕೆ ಕೂಸಿನ ಕೋಣೆಯ ರೇಡಿಯೇಟರ್, ಅಂದರೆ ಬಿಸಿನೀರು ಹರಿದು ಮನೆಯನ್ನು ಬೆಚ್ಚಗಿಡುವ ಕಬ್ಬಿಣದ ಕೊಳವೆಗಳ ಸಾಲು, ತಣ್ಣಗೆ ಕೂತಿತ್ತು. ಕೂಸಿನ ಪಾದ ಮುಟ್ಟಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಅದನ್ನು ನೋಡಲಾರದೆಯೇ ಇವರು ಹದಿನೈದು ದಿನ ಕೂತು ಈ ಜರಿ ಮಾಡಿದ್ದು.

ಜರಿ ರೇಡಿಯೇಟರನ್ನು ಸರಸರ ಹತ್ತಿ ಸಂದಿಗೊಂದಿಯ ಧೂಳನ್ನೆಲ್ಲ ಗುಡಿಸಿತು. ನನಗೂ ಹೆಮ್ಮೆಯೆನಿಸಿತು. ಅಷ್ಟಕ್ಕೇ ಬಿಡುವ ಮನುಷ್ಯರೇ ಇವರು! "ಒಳಗ ತುಕ್ಕು ಕಟ್ಟೇದ," ಎಂದು ಮುಚ್ಚಳ ಬಿಚ್ಚಿದರು. ಮುಖಕ್ಕೆ ಕಪ್ಪು ನೀರು ಚಿಮ್ಮಿತು! ಹಾಗೇ ಜರಿಯ ಬೆನ್ನು ಸವರಿ, "ನಮ್ಮ ಕೂಸಿಗೆ ಬೆಚ್ಚಗಾಗಬೇಕು, ನೋಡಪಾ," ಎಂದು ಒಳಗೆ ಬಿಟ್ಟರು.

ಅರ್ಧ ಗಂಟೆಯಲ್ಲಿ ರೇಡಿಯೇಟರ್ ಬಿಸಿಯಾಯಿತು. ಒಂದು ಗಂಟೆಯಲ್ಲಿ ನಾನು ಸ್ವೆಟರ್ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಇವರು ಕಿಟಕಿ ತೆರೆದು ಬರೀ ಬನಿಯನ್ನಿನಲ್ಲಿ ನಿಂತಿದ್ದರು!

"ಕರೀರಿ ಅದನ್ನ ಹೊರಗ!"

"ಕರದೆ! ಬರವಲ್ತು!"

ಅಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದಾಯಿತು. ಕೆಳಗಿನ ಮನೆಯ ತಮಾರಾ ಅಜ್ಜಿ, ಮೈಮೇಲೆ ಎರಡು ಕೋಟು! ಹಿಂದೆ ಮೆಟ್ಟಿಲು ತುಂಬ ಟೊಪ್ಪಿಗೆ, ಕಂಬಳಿ, ಕೆಂಪು ಮೂಗುಗಳು! ಜರಿ ಕಟ್ಟಡದ ಕೊಳವೆಗಳನ್ನೆಲ್ಲ ಸುತ್ತಿ, ಮನೆಮನೆಯ ಬಿಸಿನೀರನ್ನೂ ನಮ್ಮ ಕೂಸಿನ ಕೋಣೆಗೇ ತಿರುಗಿಸಿಬಿಟ್ಟಿತ್ತು!

ಅಜ್ಜಿ ಬೈಯಲು ಬಾಯಿ ತೆರೆದಳು. ಕೂಸು ಕಿಟಾರನೆ ಕಿರುಚಿತು.

ಅಜ್ಜಿ ಎರಡೂ ಕೋಟು ಕಳಚಿದಳು, ಕೂಸನ್ನೆತ್ತಿ ಭುಜಕ್ಕೆ ಹಾಕಿಕೊಂಡಳು. ಬೆನ್ನು ತಟ್ಟುತ್ತ ನನ್ನ ಮುಖವನ್ನೇ ನೋಡಿ, "ಒಬ್ಬಳೇ ಇಷ್ಟು ದಿನ ಒದ್ದಾಡಿದೆಯಾ? ನನ್ನನ್ನೇಕೆ ಕರೆಯಲಿಲ್ಲ, ಮಗಳೇ?" ಎಂದಳು ರಷ್ಯನ್ ಭಾಷೆಯಲ್ಲಿ. ನನ್ನ ಅರೆಬರೆ ರಷ್ಯನ್ನಿಗೂ ಅಷ್ಟು ತಿಳಿಯಿತು. ಅವಳ ತೋಳಿಗೆ ತಲೆಯಿಟ್ಟು ಅತ್ತುಬಿಟ್ಟೆ.

ಇಡೀ ಕಟ್ಟಡದಲ್ಲಿ ಬೆಚ್ಚಗಿದ್ದದ್ದು ನಮ್ಮ ಮನೆಯೊಂದೇ. ಹಾಗಾಗಿ ಅಂದಿನಿಂದ ಎಲ್ಲರೂ ಅಲ್ಲೇ ಉಳಿದರು. ಒಬ್ಬರು ಸೂಪು ತಂದರು, ಒಬ್ಬರು ಬಟ್ಟೆ ಒಗೆದರು, ಅಜ್ಜಿ ಕೂಸಿಗೆ ಎರೆದಳು. ಇವರು ಮಾತ್ರ ರೇಡಿಯೇಟರಿಗೆ ಕಿವಿಗೊಟ್ಟು ಜರಿಯನ್ನು ಗೋಗರೆಯುತ್ತಿದ್ದರು.

ಮೂರನೆಯ ದಿನ ಜರಿ ತಾನಾಗಿಯೇ ಹೊರಬಂತು. ಮನೆಮನೆಗೂ ಬಿಸಿನೀರು ಮತ್ತೆ ಹರಿಯಿತು. ನೆರೆಯವರು ಇನ್ನೂ ಹೊರಟಿಲ್ಲ.