ನವಮಿಯ ದಿನ ಏನೂ ನಡೆದಿಲ್ಲ

ಇಷ್ಟೆಲ್ಲ ರಾಮಾಯಣಕ್ಕೆ ಮೂಲ ಒಂದು ತೆಂಗಿನಕಾಯಿ. ಪುಣೆಯ ಹೊರಗಿನ ಚಾಕಣದ ಕಾರ್ಖಾನೆಯ ಸ್ಟೋರ್‌ಕೀಪರ್ ಮಲಕಪ್ಪ ಖಂಡೆ ನವಮಿಯ ಸಂಜೆ ಲೇಥು, ಡ್ರಿಲ್ಲು, ತಕ್ಕಡಿಗಳಿಗೆಲ್ಲ ಕುಂಕುಮ ಹಚ್ಚಿ ಕೊನೆಗೆ ಸರ್ವರಿನ ಮುಂದೆ ನಿಂತ. ಕಾರ್ಖಾನೆಯ ಲೆಕ್ಕ, ಹಾಜರಿ, ಗೇಟ್ ಪಾಸು, ನೌಕರರ ಜಾತಕ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಕಂಪ್ಯೂಟರಿಗೆ ಬರೀ ಕುಂಕುಮ ಹಚ್ಚಿ ಕೈತೊಳೆಯುವುದು ಅವನಿಗೆ ಸರಿ ಕಾಣಲಿಲ್ಲ. ಅದರ ನೆತ್ತಿಯ ಮೇಲೆಯೇ ಕಾಯಿ ಒಡೆದ. ಒಳ್ಳೆಯ ಕಾಯಿ, ನೀರು ಬೇಕಾದಷ್ಟಿತ್ತು.

ದಸರೆಯ ರಜೆ ಮುಗಿಸಿ ಮಾರ್ತಾಂಡ ಪುಣೆಯ ಶಿವಾಜಿನಗರದ ಹೆಡ್ಡಾಫೀಸಿಗೆ ಬಂದು ಇನ್ನೂ ಕುರ್ಚಿಗೆ ಬೆನ್ನು ತಾಗಿಸಿರಲಿಲ್ಲ, ಚಾಕಣದಿಂದ ಫೋನು ಬಂತು.

"ಸಾಹೇಬ್ರ, ಮಶೀನ್ ಏಳವಲ್ದರಿ," ಎಂದ ಮಲಕಪ್ಪ.

"ಏನ್ ಮಾಡಿದಿ ಅದಕ್ಕ?"

"ಏನೂ ಮಾಡಿಲ್ರಿ. ಪೂಜಿ ಮಾಡೀನಿ."

ವಿಷಯ ತಿಳಿದ ಮೇಲೆ ಮಾರ್ತಾಂಡ ಗಾಬರಿಯಾದ. ಅದು ಕಾರ್ಖಾನೆಯ ಮೇಲಿನ ಪ್ರೀತಿಯಿಂದಲ್ಲ. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅವನನ್ನು ಚಾಕಣಕ್ಕೇ ವರ್ಗ ಮಾಡಬೇಕೆಂದು ಮ್ಯಾನೇಜರ್ ಹೆರೇಕರ ಸಾಹೇಬರು ಹಟ ಹಿಡಿದು ಆದೇಶವನ್ನೂ ಹಾಕಿಬಿಟ್ಟಿದ್ದರು. ಪುಣೆಯ ವಾಕಡದಲ್ಲಿ ಆಗಷ್ಟೇ ಒಂದು ಮನೆ ಸಿಕ್ಕಿತ್ತು. ಹೆಂಡತಿ ನರ್ಮದಾ ಸ್ಪಷ್ಟವಾಗಿ ಹೇಳಿದ್ದಳು: "ಚಾಕಣಕ್ಕ ನೀವೊಬ್ರ ಹೋಗ್ರಿ. ವಾರಕ್ಕೊಮ್ಮೆ ಬಂದು ಅರಿವಿ ಒಗಿಸ್ಕೊಂಡು ಹೋಗ್ರಿ."

ಸಾಹೇಬರ ಬೆನ್ನನ್ನು ಮಾರ್ತಾಂಡ ಬಿಡಲಿಲ್ಲ. ಇಲ್ಲಿ ಕೂತೇ ಫೋನ್ ಲೈನಿನ ಮೇಲೆ ಅಲ್ಲಿಯ ಯಂತ್ರವನ್ನು ಕುಣಿಸುತ್ತೇನೆ, ಆಳು ಅಲ್ಲಿರಬೇಕಾಗಿಲ್ಲ ಎಂದು ವಾದಿಸಿ ವಾದಿಸಿ, ಕಡೆಗೆ ನವಮಿಯ ಬೆಳಿಗ್ಗೆ ಅವರು ಪೇಢೆ ತಿನ್ನುವ ಮುಹೂರ್ತ ನೋಡಿ ಮತ್ತೊಮ್ಮೆ ಕೇಳಿದ. ಪೇಢೆ ಚೆನ್ನಾಗಿತ್ತು. ಸಾಹೇಬರು ಇನ್ನೊಂದು ಕೈಯಿಂದ ಗುಂಡಿ ಒತ್ತಿ ಚಾಕಣದ ಸರ್ವರಿನಲ್ಲಿದ್ದ ಆದೇಶ ರದ್ದು ಮಾಡಿದರು. ಕಾಗದ, ಸಹಿ, ಶಿಕ್ಕೆ ಯಾವ ಕಾಟವೂ ಇಲ್ಲ. ಎಲ್ಲ ಕಂಪ್ಯೂಟರಿನಲ್ಲೇ ಆಗಬೇಕು ಎಂದು ಆಫೀಸಿಗೆ ಉಪದೇಶ ಮಾಡಿದವನೂ ಮಾರ್ತಾಂಡನೇ.

ಈಗ ಇಲ್ಲಿ ಕೂತೇ ಸರ್ವರನ್ನು ಬದುಕಿಸದಿದ್ದರೆ ವಾದ ಬಿದ್ದುಹೋಗುತ್ತಿತ್ತು. ಹೊಸ ಸರ್ವರೊಂದು ಚಾಕಣದಲ್ಲೇ ಸಿದ್ಧವಾಗಿತ್ತು. ಪಿತೃಪಕ್ಷದಲ್ಲಿ ಹೊಸದನ್ನು ಚಾಲೂ ಮಾಡಬಾರದೆಂದು ಎಲ್ಲರೂ ಅಡ್ಡ ಬಿದ್ದದ್ದರಿಂದ ಬಟ್ಟೆ ಹೊದ್ದು ಕೂತಿತ್ತು, ಅಷ್ಟೆ. ದಿನದಿನದ ನಕಲು ತುಂಬಿದ ಟೇಪನ್ನು ಅದರ ಬಾಯಿಗಿಟ್ಟರೆ ಹಳೆಯದರ ನೆನಪೆಲ್ಲ ಹೊಸದಕ್ಕೆ ಬರುತ್ತಿತ್ತು.

"ಮಲಕಪ್ಪಾ, ನವಮಿ ದಿನದ ಟೇಪ್ ಹಾಕು."

"ಅದ ಇಲ್ರಿ."

"ಇಲ್ಲಂದ್ರ? ದಿನಾ ಸಂಜೀಕ ಟೇಪ್ ಹಾಕಂತ ಹೇಳಿಲ್ಲೇನು?"

"ಅವತ್ತ ಟೇಪೆಲ್ಲಾ ಪೂಜಿಗೆ ಕುಂತಿದ್ವರಿ. ಪೂಜಿಗೆ ಕುಂತಿದ್ದನ್ನ ದಸರಾ ಆಗೂತನಕ ಹೆಂಗ ಎಬ್ಬಸೂದ್ರಿ?"

ಹೌದಲ್ಲ, ಚಿಕ್ಕಂದಿನಲ್ಲಿ ಊರಲ್ಲಿ ತಾನೂ ಪರೀಕ್ಷೆಗೆ ಹೆದರಿ ಪುಸ್ತಕಗಳನ್ನೆಲ್ಲ ಪೂಜೆಗಿಟ್ಟು ಎರಡು ದಿನ ಆರಾಮಾಗಿ ಆಡಿದವನೇ. ಮಾರ್ತಾಂಡ ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡ. "ಹೋಗ್ಲಿ, ಅಷ್ಟಮಿದು ಹಾಕು."

ಅಷ್ಟಮಿಯ ಟೇಪಿನ ಸೀಳಿನಲ್ಲಿ ಕುಂಕುಮ ಮೆತ್ತಿತ್ತು. ಮಲಕಪ್ಪ ಅದನ್ನು ಧೋತರದ ಚುಂಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, ಯಂತ್ರದೊಳಗೆ ಇಟ್ಟ. ಅಷ್ಟರಲ್ಲಿ ಹೆರೇಕರ ಸಾಹೇಬರು ಬಂದು ಮಾರ್ತಾಂಡನ ತಲೆಯ ಮೇಲೆ ನಿಂತರು. ಗೇಟ್ ಪಾಸು ಹೊರಡದೆ ಮಾಲು ತುಂಬಿದ ಲಾರಿಗಳು ಕಾರ್ಖಾನೆಯ ಒಳಗೇ ನಿಂತಿದ್ದವು.

"ಅಷ್ಟಮಿ ತನಕಾ ಬರತದ. ನವಮಿದು ಹೋತಲ್ಲ?" ಎಂದರು.

"ಸಾಹೇಬ್ರ, ನವಮಿ ದಿನಾ ಮಂದಿ ಮಶೀನ್ ತೊಳದಾರ, ಹೂ ಏರಿಸ್ಯಾರ. ಒಂದು ಮಾಲು ಹೊರಗ ಹೋಗಿಲ್ಲ, ಒಳಗ ಬಂದಿಲ್ಲ. ಕಂಪನಿಗೆ ಏನೂ ಲುಕ್ಸಾನಿಲ್ಲ. ನವಮಿ ದಿನಾ ಏನೂ ನಡದ ಇಲ್ಲಂತ ತಿಳೀರಿ."

"ನಕ್ಕಿ? ಖಾತ್ರಿ ಹೇಳ್ತೀರಿ?"

"ನಕ್ಕಿ, ಸಾಹೇಬ್ರ."

ಚಾಕಣಕ್ಕೆ ಇದ್ದದ್ದು ಒಂದೇ ಫೋನ್ ಲೈನು. ಮಲಕಪ್ಪನ ಜೊತೆ ಮಾತಾಡುವಾಗ ಯಂತ್ರದ ಜೊತೆ ಆಗದು. ಯಂತ್ರದ ಜೊತೆ ಮಾತಾಡುವಾಗ ಮಲಕಪ್ಪ ಸುಮ್ಮನಿರಬೇಕು. ಅವನಿಗೆ ಅದೊಂದನ್ನು ಬಿಟ್ಟು ಉಳಿದೆಲ್ಲ ಬರುತ್ತಿತ್ತು. ಮೋಡೆಮ್ಮು ಕಿರುಚಿ, ಗೊರಗುಟ್ಟಿ, ಆಚೆಯ ಸರ್ವರನ್ನು ಹಿಡಿದು ಕೆಲಸ ಅರ್ಧಕ್ಕೆ ಬಂದಿತ್ತು, ಅಲ್ಲಿ ಮಲಕಪ್ಪ ಫೋನೆತ್ತಿ, "ಆತೇನ್ರಿ?" ಎಂದ. ಸಂಪರ್ಕ ಹರಿದು ಮೊದಲಿನಿಂದ ಶುರುವಾಯಿತು.

ಎರಡನೆಯ ಸಲ ಕೆಡಿಸಿದವನು ಪಕ್ಕದ ಟೇಬಲಿನ ಅಂಬಾದಾಸ. ಅವನು ಲೆಕ್ಕಪತ್ರದವನು, ಆದರೆ ಅವನಿಗೆ ಗೊತ್ತಿಲ್ಲದ ವಿದ್ಯೆ ಪುಣೆಯಲ್ಲೇ ಇರಲಿಲ್ಲ.

"ಮಾರ್ತಾಂಡರಾವ್, ನೀವು ಮಲಕಪ್ಪಗ ಸರೀ ಹೇಳಿಲ್ಲ. ತಡೀರಿ, ಫೋನ್ ಎತ್ತಬ್ಯಾಡಂತ ನಾ ಗದರಸ್ತೀನಿ," ಎಂದವನೇ ಆ ಲೈನಿನದೇ ಇನ್ನೊಂದು ಫೋನೆತ್ತಿದ. ಮೋಡೆಮ್ಮು ಒಮ್ಮೆ ಬಿಕ್ಕಿ ಸುಮ್ಮನಾಯಿತು.

"ಎಂಗೇಜ್ ಬರ್ಲಿಕ್ಕತ್ತದ," ಎಂದ ಅಂಬಾದಾಸ.

ಮಾರ್ತಾಂಡ ಅವನ ಕೈಗೆ ಎರಡು ಕಪ್ ಚಹಾದ ಚೀಟಿ ಕೊಟ್ಟು ಕ್ಯಾಂಟೀನಿಗೆ ಅಟ್ಟಿದ. ಮಲಕಪ್ಪನಿಗೆ, ಫೋನು ಮುಟ್ಟಿದರೆ ಹುಲಿಗೆಮ್ಮನ ಆಣೆ ಎಂದ. ಆಣೆ ಕೆಲಸ ಮಾಡಿತು. ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಬೆಣ್ಣೆಯಲ್ಲಿ ಕೂದಲೆಳೆದಂತೆ ಇಳಿಯತೊಡಗಿದವು. ಮಧ್ಯಾಹ್ನದ ಊಟ ಬಿಟ್ಟು ಮಾರ್ತಾಂಡ ಕಣ್ಣು ಮಿಟುಕಿಸದೆ ಕೂತ. ಚಾಕಣದ ಗೇಟಿನಲ್ಲಿ ಮೊದಲನೆಯ ಲಾರಿಯ ಪಾಸು ಹೊರಬಂತು ಎಂಬ ಸುದ್ದಿ ಬಂದಾಗ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಶಾಬಾಸ್," ಎಂದರು ಹೆರೇಕರ ಸಾಹೇಬರು. "ಎಲ್ಲಾ ಮೊದಲಿನಂಗ ಬಂತಲ್ಲ?"

"ಅಷ್ಟಮಿ ಸಂಜೀಕ ಹೆಂಗಿತ್ತೋ ಹಂಗ, ಸಾಹೇಬ್ರ. ಒಂದಕ್ಷರ ಹೆಚ್ಚಿಲ್ಲ, ಕಡಿಮಿಲ್ಲ," ಎಂದ ಮಾರ್ತಾಂಡ ಎದೆಯುಬ್ಬಿಸಿ. ನರ್ಮದಾಳಿಗೆ ಸಂಜೆ ಇದನ್ನೆಲ್ಲ ಹೇಗೆ ಬಣ್ಣಿಸಬೇಕೆಂದು ಮನಸ್ಸಿನಲ್ಲೇ ಜೋಡಿಸತೊಡಗಿದ.

ಆಗ ಮೂಲೆಯ ಪ್ರಿಂಟರು ತಾನಾಗಿ ಕರ್ರೆಂದಿತು. ಬಾಕಿ ಉಳಿದ ಆದೇಶಗಳಿದ್ದರೆ ಯಾರೂ ಕೇಳದೆಯೇ ಮುದ್ರಣವಾಗಿ ಬರುವಂತೆ ಮಾರ್ತಾಂಡನೇ ಹಿಂದೊಮ್ಮೆ ಜಾಣತನ ಮಾಡಿಟ್ಟಿದ್ದ. ಕೊನೆಗೂ ಚಹಾ ತಂದ ಅಂಬಾದಾಸ ಕಾಗದ ಹರಿದುಕೊಂಡು ಗಟ್ಟಿಯಾಗಿ ಓದಿದ.

"ಮಾರ್ತಾಂಡ ಇವರನ್ನು ಬರುವ ಸೋಮವಾರದಿಂದ ಚಾಕಣ ಶಾಖೆಗೆ ವರ್ಗಾಯಿಸಲಾಗಿದೆ. ಅರೆ, ಇದು ಇನ್ನೂ ಬಾಕಿ ಇತ್ತೇನ್ರಿ?"

ಮಾರ್ತಾಂಡ ಸಾಹೇಬರ ಕಡೆ ತಿರುಗಿದ. "ಸಾಹೇಬ್ರ, ಅದನ್ನ ನೀವ ರದ್ದ ಮಾಡಿದ್ರಿ. ಪೇಢೆ ತಿನ್ನೂ ಮುಂದ. ನೆನಪದಲ್ಲ?"

"ಯಾವತ್ತ?"

"ನವಮಿ ದಿನಾ..." ಎಂದವನು ಅಲ್ಲಿಗೇ ನಿಂತ.

ಹೆರೇಕರ ಸಾಹೇಬರು ಚಹಾ ಕಪ್ಪೆತ್ತಿಕೊಂಡು ನಿಧಾನವಾಗಿ ಹೇಳಿದರು: "ನವಮಿ ದಿನಾ ಏನೂ ನಡದ ಇಲ್ಲಂತ ನೀವ ಅಂದ್ರಲ್ಲ. ನಾ ನಕ್ಕಿ ಏನಂತ ಕೇಳಿದೆ, ನಕ್ಕಿ ಅಂದ್ರಿ." ಒಂದು ಗುಟುಕು ಹೀರಿದರು. "ಖರೇ ಹೇಳಬೇಕಂದ್ರ ಮಾರ್ತಾಂಡರಾವ್, ಇವತ್ತ ನನಗೂ ತಿಳೀತು. ಮಶೀನು ಇಲ್ಲಿಂದ ಕುಣಸಬಹುದು. ಮಲಕಪ್ಪನ ಕೈ ಹಿಡೀಲಿಕ್ಕೆ ಅಲ್ಲೇ ಒಬ್ರು ಬೇಕು."

ಮಾಡಿದ್ದುಣ್ಣೋ ಮಾರಾಯ ಎನ್ನುವಂತೆ ಅಂಬಾದಾಸ ಕಾಗದವನ್ನು ಮಡಚಿ ಮಾರ್ತಾಂಡನ ಜೇಬಿಗಿಟ್ಟ. ಮಾರ್ತಾಂಡನ ಕಣ್ಣಿಗೆ ಆ ಹೊತ್ತಿನಲ್ಲಿ ಕಂಡದ್ದು ವಾರಕ್ಕಾಗುವಷ್ಟು ಮಾಸಿದ ಅರಿವೆಯ ಗಂಟು, ಅದರ ಹಿಂದೆ ನರ್ಮದಾಳ ಮುಖ.

ಫೋನು ಬಡಿದುಕೊಂಡಿತು. ಈಗ ಎತ್ತಿದರೂ ಕೆಡುವುದೇನೂ ಉಳಿದಿರಲಿಲ್ಲ.

"ಸಾಹೇಬ್ರ, ನೀವು ಇಲ್ಲಿಗೇ ಬರ್ತೀರಂತಲ್ರಿ, ಇಲ್ಲಿ ಪ್ರಿಂಟರಿನಾಗೂ ಬಂದೈತ್ರಿ," ಎಂದ ಮಲಕಪ್ಪ, ದನಿಯ ತುಂಬ ಸಂತೋಷ. "ಭಾಳ ಛಲೋ ಆತು. ಹೊಸಾ ಮಶೀನಿಗೆ ಇನ್ನೂ ಪೂಜಿ ಆಗಿಲ್ರಿ. ಕಾಯಿ ತಂದಿಟ್ಟೀನಿ. ಸೋಮಾರ ನಿಮ್ಮ ಕೈಲೇ ಒಡಸೂಣ್ರಿ."