ಕಾಕಾನ ಹೂವಿನ ಮಾಸ್ಕು

ದೇವರು ನಮ್ಮ ಕಾಕಾನಿಗೆ ತಲೆ ಕೊಟ್ಟದ್ದೇ ಟೋಪಿ ಇಡುವುದಕ್ಕೆ ಎಂದರೆ ನೀವು ನಗುತ್ತೀರಿ. ನಗಿ, ನಾನೂ ಬಹಳ ವರ್ಷ ನಕ್ಕಿದ್ದೇನೆ!

ಕಾಕಾ ಗೋಕಾಕದ ನಿವೃತ್ತ ಪಿ.ಟಿ. ಮಾಸ್ತರರು. ಕಬಡ್ಡಿಯ ನಮ್ಮ ಸೀಮೆಗೆ ಇವರೊಬ್ಬರೇ ಬೇಸ್‌ಬಾಲ್ ಅಂಪೈರು. ಚೆಂಡು ಹಿಡಿಯುವ ಕ್ಯಾಚರ್ ಹಿಂದೆ ಬಗ್ಗಿ ನಿಂತು, ಬಂದ ಚೆಂಡು ಸರಿಯೋ ತಪ್ಪೋ ಹೇಳುವ ಕೆಲಸ. ಅದಕ್ಕೆ ಬೇಕಾದ ಟೋಪಿಯ ಮುಂದಿನ ಅಂಚು ಗಿಡ್ಡ ಇರಬೇಕಂತೆ, ಇಲ್ಲದಿದ್ದರೆ ಮುಖ ಕಾಯುವ ಕಬ್ಬಿಣದ ಸರಳಿನ ಮಾಸ್ಕಿಗೆ ಬಡಿಯುತ್ತದೆ. ಮೇಲೆ ಯಾರ ಹೆಸರೂ ಇರಕೂಡದು. ನಮ್ಮ ಪೇಟೆಯಲ್ಲಿ ಬೀಜದ ಕಂಪನಿಯದೋ ಪಾರ್ಟಿಯದೋ ಹೆಸರಿಲ್ಲದ ಟೋಪಿ ಎಲ್ಲಿದೆ? ಕೊನೆಗೆ ಯಮಕನಮರಡಿಯಲ್ಲಿ ಒಂದು ಬೋಳು ಟೋಪಿ ಸಿಕ್ಕಿತು. ಅಂಚು ಕತ್ತರಿಸಿ ಹೊಲಿದ ಹುಕ್ಕೇರಿಯ ಟೇಲರ್, ಕೆಲಸ ಚೆಂದ ಬಂದಿತೆಂಬ ಖುಷಿಗೆ ತನ್ನ ಅಂಗಡಿಯ ಲೇಬಲ್ಲನ್ನು ಹಣೆಯ ಮೇಲೇ ಕೂಡಿಸಿಬಿಟ್ಟ! ಕಾಕಾ ಎರಡು ದಿನ ಕೂತು ಅದರ ದಾರ ಬಿಚ್ಚಿದರು.

ಮಾಸ್ಕು ಮುರಿದಾಗ ಮೂಡಲಗಿಯಲ್ಲಿ ಕಿಟಕಿ ಗ್ರಿಲ್ ಮಾಡುವವನ ಹತ್ತಿರ ಹೋದರು. ಅವನು ಮಾಡಿಕೊಟ್ಟ ಮಾಸ್ಕಿನ ನಟ್ಟನಡುವೆ ಐದೆಸಳಿನ ಹೂವು! ಕೇಳಿದರೆ, "ಹೂವಿಲ್ಲದ ಖಿಡಕಿ ನಾ ಇವತ್ತಿನ ತನಕ ಮಾಡಿಲ್ಲರಿ, ಮಾಸ್ತರ" ಅಂದನಂತೆ. ಕಾಕಾ ಅದನ್ನೇ ಹಾಕಿಕೊಂಡರು. ಚೆಂಡು ಹೇಗೆ ಕಾಣುತ್ತದೆ ಎಂದು ನಾನು ಕೆಣಕಿದರೆ, ಮೇಲಿನ ಎಸಳು ದಾಟಿದರೆ ತಪ್ಪು, ಒಳಗೆ ಬಂದರೆ ಸರಿ, ಮೊದಲಿಗಿಂತ ಸಸಾರವಾಯಿತು ಎಂದರು.

ಕಾಕಾನ ಹೆಂಡತಿ, ನಮ್ಮ ಕಾಕೂ, ತೀರಿಕೊಂಡ ಮೇಲೆ ಟೋಪಿ ಮನೆಯೊಳಗೂ ತಲೆಯಿಂದ ಇಳಿಯಲಿಲ್ಲ. ವರ್ಷಕ್ಕೊಮ್ಮೆ ಪಂದ್ಯಕ್ಕೆ ಕರೆ ಬರುತ್ತಿತ್ತು. ಅದಕ್ಕಾಗಿ ವರ್ಷವಿಡೀ ಫೋನನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ನಾನು ಅದಕ್ಕೂ ನಕ್ಕೆ. ಮಾತಾಡುವವರಿಲ್ಲದ ಮನೆಯಲ್ಲಿ ಮನುಷ್ಯ ಇನ್ನೇನು ಮಾಡಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಈ ವರ್ಷ ಕೌಜಲಗಿಯಿಂದ ಕರೆ ಬಂತು. ಸ್ಕೂಟರಿನಲ್ಲಿ ನಾನೇ ಕರೆದೊಯ್ದೆ. ಹೋಗಿ ನೋಡಿದರೆ ಬಂದದ್ದು ಹುಡುಗಿಯರ ಒಂದೇ ತಂಡ! ಎದುರಾಳಿಗಳು ಬರಲಿಲ್ಲ. ಬಂದವರನ್ನೇ ಗೆದ್ದವರೆಂದು ಬರೆದುಕೊಂಡು ಮಾಸ್ತರರೆಲ್ಲ ಊಟಕ್ಕೆ ಎದ್ದರು. ಕಾಕಾ ಮಾತ್ರ ಟೋಪಿ, ಮಾಸ್ಕು ಹಾಕಿಕೊಂಡು ತಮ್ಮ ಜಾಗದಲ್ಲೇ ನಿಂತಿದ್ದರು. ಇವರನ್ನು ಊಟಕ್ಕೂ ಯಾರೂ ಕರೆಯಲಿಲ್ಲ.

ನಾನು ಸೆರಗು ಸಿಕ್ಕಿಸಿ, ಹುಡುಗಿಯೊಬ್ಬಳ ಬ್ಯಾಟು ಇಸಿದುಕೊಂಡು ಅವರ ಮುಂದೆ ಹೋಗಿ ನಿಂತೆ. ಹುಡುಗಿಯರು ನಗುತ್ತ ಬಂದು ತಮ್ಮ ತಮ್ಮ ಜಾಗ ಹಿಡಿದರು. ಮೂರು ಚೆಂಡು ಬಂದವು, ಮೂರು ಸಲವೂ ಗಾಳಿಗೆ ಹೊಡೆದೆ. ಮೂರು ತಪ್ಪಿದರೆ ಔಟಂತೆ. ಅಣ್ಣನ ಮಗಳೆಂಬ ದಯೆ ಇಲ್ಲದೆ ಕಾಕಾ ಇಡೀ ಮೈದಾನಕ್ಕೆ ಕೇಳುವಂತೆ ನನ್ನನ್ನು ಔಟ್ ಮಾಡಿದರು.

ಆಮೇಲೆ ಮಾಸ್ಕು ತೆಗೆದು, ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದರು: "ಇನ್ನೊಮ್ಮೆ ನಿಲ್ತಿ ಏನವಾ? ಈಗ ಮನಿಗಿ ಹೋದ್ರ ನಾ ಒಬ್ಬಾಂವನ ಇರ್ತೇನಿ."

ನಾನು ಮತ್ತೆ ಬ್ಯಾಟು ಎತ್ತಿದೆ. ಆ ಮಧ್ಯಾಹ್ನ ಹನ್ನೊಂದು ಸಲ ಔಟಾದೆ.