ಜ್ವರಕ್ಕೆ ಕೂತ ಕಂಪ್ಯೂಟರು

ಅವತ್ತು ಬೆಳಿಗ್ಗೆ ಆವಲಪ್ಪ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಅದರ ಹೊಟ್ಟೆಯೊಳಗೆ ಕೈ ಹಾಕಿಕೊಂಡು ಕೂತಿದ್ದ. ಅವನ ಹೆಂಡತಿ ಅಶ್ವತ್ಥಮ್ಮ ಹಿತ್ತಲಿಂದ ಕೊತ್ತಂಬರಿ ಸೊಪ್ಪು ಕಿತ್ತುಕೊಂಡು ಬನ್ನಿ ಎಂದು ಹೇಳಿ ಬಹಳ ಹೊತ್ತಾಗಿತ್ತು. ಸಾರು ಕುದಿದು ಕುದಿದು ಪಾತ್ರೆಯ ತಳ ಸೇರುತ್ತಿತ್ತು.

"ಏನ್ರೀ, ಸೊಪ್ಪು."

"ಬಂದೆ ಕಣೇ. ಒಂದು ಸ್ಕ್ರೂ ಇದೆ."

"ನೀವು ತಾಳಿ ಕಟ್ಟಿದ್ದು ನಂಗೋ, ಈ ಪೆಟ್ಟಿಗೆಗೋ?"

"ನಿಂಗೇ. ಇದು ಹೇಳಿದ ಮಾತು ಕೇಳ್ತದೆ."

ಪೆಟ್ಟಿಗೆ ಹಳೆಯದು. ಯಾವುದೋ ಆಫೀಸಿನವರು ಬೇಡವೆಂದು ಮೂಲೆಗೆ ಹಾಕಿದ್ದನ್ನು ಆವಲಪ್ಪ ತೊಂಡೇಬಾವಿಯ ಮನೆಗೆ ಹೊತ್ತು ತಂದಿದ್ದ. ಅದರಿಂದ ಅವನಿಗೆ ಆಗಬೇಕಾದದ್ದು ಒಂದೇ ಕೆಲಸ. ಹಿಂದಿನ ದಿನ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಏನು ರೇಟಿಗೆ ಹೋಯಿತೆಂದು ನೋಡಿ, ಜಗಲಿಗೆ ಬಂದು ಬೀದಿಗೆಲ್ಲ ಕೇಳುವಂತೆ ಕೂಗುವುದು. ಬೀದಿಯಲ್ಲಿ ಎಲ್ಲರ ಕೈಯಲ್ಲೂ ಫೋನಿತ್ತು. ಫೋನಿನಲ್ಲೂ ಅದೇ ರೇಟಿತ್ತು. ಆದರೂ ಆವಲಪ್ಪ ಕೂಗುವ ತನಕ ಅದು ರೇಟೇ ಅಲ್ಲವೆಂಬಂತೆ ಪಕ್ಕದ ಮನೆಯ ಕೋನಪ್ಪ ಗಿಡ್ಡ ಗೋಡೆಯ ಮೇಲೆ ಗದ್ದ ಊರಿಕೊಂಡು ಕಾಯುತ್ತಿದ್ದ.

"ಇದರೊಳಗೆ ಕೈಯಾಡಿಸೋದು ಎಲ್ಲರ ಕೈಲೂ ಆಗಲ್ಲ," ಎಂದ ಆವಲಪ್ಪ, ಸ್ಕ್ರೂ ತಿರುಗಿಸುತ್ತ.

"ಯಾಕಾಗಲ್ಲ? ಕಣ್ಣಿಗೆ ಕಾಣದಂಥ ಮರಿಹುಳ ತಂದು ಗೂಡು ಕಟ್ಟಿಸಿದ ಕೈ ಇದು. ನಿಮ್ಮ ಪೆಟ್ಟಿಗೆ ಏನು ಸೊಪ್ಪು ಕೇಳ್ತದಾ, ಜ್ವರಕ್ಕೆ ಕೂರ್ತದಾ? ಒಂದಿನ ನನ್ನ ಕೈಗೆ ಕೊಟ್ಟು ನೋಡಿ," ಎಂದಳು ಅಶ್ವತ್ಥಮ್ಮ.

"ಕೊಡ್ತೀನಿ ಬಿಡು. ಅದೆಲ್ಲೋಗ್ತದೆ."

ಅವತ್ತು ಸೊಪ್ಪಿಲ್ಲದ ಸಾರನ್ನೇ ಉಂಡರು. ಮಾರನೆಯ ದಿನ ಹಿಪ್ಪುನೇರಳೆ ತೋಟಕ್ಕೆ ಹೋದ ಆವಲಪ್ಪ ಬದುವಿನ ಮೇಲೆ ಕೂತ. ಏಳಲಿಲ್ಲ. ಪೆಟ್ಟಿಗೆ ಅವಳ ಕೈಗೆ ಬಂತು.

ಮೇಲೊಂದು ಹಳೇ ಪಂಚೆ ಹೊದೆಸಿ ಅವಳು ಅದನ್ನು ಮರೆತಳು, ಅಥವಾ ಮರೆತಂತೆ ಓಡಾಡಿದಳು. ಒಂದು ದಿನ ಕುಡುಮಲಕುಂಟೆಯ ಫ್ಯಾಕ್ಟರಿಯಿಂದ ಬಂದ ಮಗ ಮುರಳಿಮೋಹನ್ ಕಾಫಿ ಕುಡಿಯುತ್ತ ವಿಷಯ ತೆಗೆದ.

"ಅಮ್ಮ, ಭಾನುವಾರ ಗುಜರಿ ಬಯ್ಯಪ್ಪನಿಗೆ ಬರಕ್ಕೆ ಹೇಳಿದೀನಿ. ಅಪ್ಪನ ಕಂಪ್ಯೂಟರ್ ಜಾಗದಲ್ಲಿ ಫ್ರಿಜ್ ಇಡಣ."

"ಕಂಪ್ಯೂಟರ್ ಎಲ್ಲಿಡ್ತೀಯ?"

"ಇಡಕ್ಕೇನಿದೆ? ಆನ್ ಮಾಡಿದ್ರೆ ಆಫ್ ಆಗ್ತದೆ. ಸತ್ತೋಗಿದೆ ಅದು."

ಮಾತು ಬಾಯಿಂದ ಬಿದ್ದ ಮೇಲೆ ಅವನು ತಲೆ ಬಗ್ಗಿಸಿ, ಕಾಲಲ್ಲೇ ಇದ್ದ ಚಪ್ಪಲಿಯನ್ನು ಹುಡುಕತೊಡಗಿದ. ಸೊಸೆ ಕವಿತ ಖಾಲಿ ಲೋಟಕ್ಕೆ ಮತ್ತೆ ಕಾಫಿ ಬಗ್ಗಿಸಿದಳು.

"ಸತ್ತಿಲ್ಲ," ಎಂದಳು ಅಶ್ವತ್ಥಮ್ಮ. "ನಾನು ರಿಪೇರಿ ಮಾಡ್ತೀನಿ. ಭಾನುವಾರ ಬಯ್ಯಪ್ಪ ಬಂದಾಗ ಅದು ಗೂಡಿನ ರೇಟು ತೋರಿಸಿದ್ರೆ ಇಲ್ಲೇ ಇರ್ತದೆ. ಇಲ್ಲಾಂದ್ರೆ ನಾನೇ ಗಾಡಿಗೆ ಎತ್ತಿ ಕೊಡ್ತೀನಿ."

"ನೀನಾ? ರಿಪೇರಿನಾ?"

"ಯಾಕೆ, ನಿಮ್ಮಪ್ಪ ಏನು ಕಾಲೇಜಿಗೆ ಹೋಗಿ ಕಲ್ತಿದ್ರಾ?"

ಪಂಚೆ ತೆಗೆದು ಗುಂಡಿ ಒತ್ತಿದಳು. ಪೆಟ್ಟಿಗೆ ಗೊರಗೊರ ಎಂದು ಎದ್ದಿತು. ಪರದೆಯೂ ಬೆಳಗಿತು. ಇನ್ನೇನು ಗೆದ್ದೆ ಎನ್ನುವಷ್ಟರಲ್ಲಿ ಎಲ್ಲವೂ ನಿಂತಲ್ಲೇ ನಿಂತುಬಿಟ್ಟಿತು. ಮೌಸನ್ನು ಎಷ್ಟು ಉಜ್ಜಿದರೂ ಬಾಣದ ಗುರುತು ಅಲ್ಲಾಡಲಿಲ್ಲ.

ಇದು ಅಶ್ವತ್ಥಮ್ಮನಿಗೆ ಗೊತ್ತಿದ್ದ ಲಕ್ಷಣ. ರೇಷ್ಮೆಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ, ಮಿಸುಕದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಅದನ್ನು ಮುಟ್ಟಬಾರದು.

"ಜ್ವರಕ್ಕೆ ಕೂತಿದೆ. ಯಾರೂ ಮುಟ್ಟಬೇಡಿ," ಎಂದು ಕಿಟಕಿ ಮುಚ್ಚಿದಳು.

"ಯಾವಾಗ ಏಳ್ತದೆ ಅತ್ತೆ?" ಎಂದಳು ಕವಿತ, ನಗು ತಡೆದುಕೊಂಡು.

"ತಾನಾಗೇ ಏಳ್ಬೇಕು. ನಾವು ಎಬ್ಬಿಸಬಾರದು."

ಅದು ಏಳಲಿಲ್ಲ, ಆರಿಹೋಯಿತು. ಮುಟ್ಟಿ ನೋಡಿದರೆ ರೊಟ್ಟಿ ಬೇಯಿಸುವ ಹೆಂಚು. ಕಾವು ಹೆಚ್ಚಾಗಿದೆ ಎಂಬ ತೀರ್ಮಾನಕ್ಕೆ ಅವಳು ಬಂದಳು, ಅದು ಸರಿಯಾಗಿಯೇ ಇತ್ತು. ಔಷಧಿಯಲ್ಲಿ ಎಡವಿದಳು. ಬೇಸಿಗೆಯಲ್ಲಿ ಹುಳಮನೆ ಕಾದರೆ ಏನು ಮಾಡುತ್ತಾರೆ? ಗೋಣಿಚೀಲ ನೆನೆಸಿ ಸುತ್ತ ಕಟ್ಟುತ್ತಾರೆ. ಅವಳೂ ಕಟ್ಟಿದಳು. ಮದುವೆ ಚಪ್ಪರದ ಮರೆಯಂತೆ ಮೂರು ಕಡೆ ಒದ್ದೆ ಗೋಣಿ, ಹಿಂದೆ ಟೇಬಲ್ ಫ್ಯಾನು. ತಣ್ಣನೆ ಗಾಳಿ ಸುಳಿಯಿತು. ಮಹಾರಾಣಿಯಂತೆ ಎದುರಿಗೆ ಕೂತು ಮತ್ತೆ ಗುಂಡಿ ಒತ್ತಿದಳು.

ಗೋಣಿಯ ಅಂಚಿನಿಂದ ಒಂದು ತೊಟ್ಟು ನೀರು ನಿಧಾನವಾಗಿ ಇಳಿದು, ಕೆಳಗಿದ್ದ ಪ್ಲಗ್ಗಿನ ಬೋರ್ಡಿನ ತೂತನ್ನೇ ಹುಡುಕಿಕೊಂಡು ಹೋಯಿತು.

ಫಟ್.

ಅಡುಗೆಮನೆಯಲ್ಲಿ ಚಟ್ನಿ ಅರ್ಧಕ್ಕೆ ನಿಂತಿತು. ಬಾವಿಯ ಮೋಟರು ನಿಂತಿತು. ರಾತ್ರಿ ಪಾಳಿ ಮುಗಿಸಿ ಬಂದು ಫ್ಯಾನಿನಡಿ ಮಲಗಿದ್ದ ಮುರಳಿ ಬೆವೆತು ಎದ್ದು ಬಂದ. ಗೋಣಿಯ ಚಪ್ಪರ ನೋಡಿ ಬಾಗಿಲಲ್ಲೇ ನಿಂತ.

"ಏನ್ಮಾಡಿದೆ ಅಮ್ಮ?"

"ತಂಪು ಮಾಡಿದೆ."

"ಅದು ಹುಳಮನೆ ಅಲ್ಲ."

"ಕಾವು ಹುಳಕ್ಕಾದ್ರೇನು, ಪೆಟ್ಟಿಗೆಗಾದ್ರೇನು? ಹೋಗಿ ಮಲ್ಕೋ."

ಪುಣ್ಯಕ್ಕೆ ಸುಟ್ಟದ್ದು ಬೋರ್ಡು ಮಾತ್ರ. ಗೋಣಿ ಹಿಂಡಲು ಹಿತ್ತಲಿಗೆ ಬಂದಾಗ ಗೋಡೆಯ ಮೇಲೆ ಕೋನಪ್ಪನ ಗದ್ದ ಕಂಡಿತು.

"ಅಕ್ಕ, ಆವಲಣ್ಣ ನೀರು ಹಾಕ್ತಿರ್ಲಿಲ್ಲ. ಧೂಳು ತೆಗೀತಿದ್ದ. ಆಮೇಲೆ ಒಂದು ಹಸಿರು ಪಟ್ಟಿ ಕಿತ್ತು, ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಅದರ ಹಲ್ಲು ಉಜ್ಜೋನು."

"ನಿಂಗೇನಪ್ಪ ಗೊತ್ತು?"

"ದಿನಾ ಇಲ್ಲಿಂದಾನೇ ನೋಡಿಲ್ವಾ. ನಮ್ಮನೆ ಟೀವಿಗಿಂತ ಚೆನ್ನಾಗಿರೋದು."

ಈ ಸಲ ಮೊದಲು ಪ್ಲಗ್ಗು ಕಿತ್ತಳು. ತಗಡು ಬಿಚ್ಚಿದರೆ ಒಳಗೆ ಧೂಳು ಹತ್ತಿಯಂತೆ ಗಂಟುಕಟ್ಟಿತ್ತು. ಒಳಗಿನ ಪುಟ್ಟ ಫ್ಯಾನಿಗೆ ರೆಕ್ಕೆ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಮರಿಹುಳ ಸವರುವ ಹಕ್ಕಿಗರಿ ತಂದು ಮೂಲೆಮೂಲೆ ಗುಡಿಸಿದಳು. ಗರಿಗೆ ಬಗ್ಗದ ಕಡೆ ಪಾತ್ರೆ ಉಜ್ಜುವ ಬ್ರಷ್ಷು ಹಾಕಿದಳು. ತಳದಲ್ಲಿ ಕಾಸಿನಗಲದ ಒಂದು ಬ್ಯಾಟರಿ ಶೆಲ್ಲಿತ್ತು. ಅದರ ಪಕ್ಕದಲ್ಲಿ ಯಾವುದೋ ಹಳೇ ರೇಷ್ಮೆಗೂಡಿನ ಚೂರು ಸಿಕ್ಕಿಕೊಂಡಿತ್ತು.

"ಇದರೊಳಕ್ಕೂ ಗೂಡು ಬಂದಿದೆ ನೋಡು. ಇಲಿ ತಂದಿರ್ಬೇಕು," ಎಂದು ಕಿತ್ತೆಸೆದು, ಆ ಜಾಗವನ್ನು ಇನ್ನೊಮ್ಮೆ ಗಟ್ಟಿಯಾಗಿ ಉಜ್ಜಿದಳು. ಕೊಂಡಿಯಂಥ ಪ್ಲಾಸ್ಟಿಕ್ಕಿನ ಚೂರೊಂದು ಟಣ್ಣನೆ ಹಾರಿತು. ಅದೂ ಕಸದ ಜೊತೆ ತಿಪ್ಪೆಗೆ ಹೋಯಿತು.

ಹಸಿರು ಪಟ್ಟಿಯ ಹಲ್ಲುಜ್ಜಿ ಮತ್ತೆ ಸಿಕ್ಕಿಸಿ ಪ್ಲಗ್ಗು ಹಾಕಿದರೆ ಪೆಟ್ಟಿಗೆ ಕೀಂ ಕೀಂ ಎಂದು ಅಳತೊಡಗಿತು.

"ಟಕ್ ಅನ್ನೋವರೆಗೂ ಒತ್ತಕ್ಕ," ಎಂದಿತು ಗೋಡೆ.

ಆರಿಸಿ, ರಾಗಿಮುದ್ದೆ ಕಟ್ಟಿ ಪಳಗಿದ ಹೆಬ್ಬೆರಳಲ್ಲಿ ಒತ್ತಿದಳು. ಟಕ್ ಎಂದಿತು. ಅಳು ನಿಂತಿತು. ಅಶ್ವತ್ಥಮ್ಮ ಅಷ್ಟಕ್ಕೇ ಆರಿಸಿ, ತಗಡು ಮುಚ್ಚಿ, ಭಾನುವಾರಕ್ಕೆ ಕಾದಳು.

ಭಾನುವಾರ ಬಯ್ಯಪ್ಪ ಗಾಡಿ ತಂದು ನಿಲ್ಲಿಸಿದ. ಕೋನಪ್ಪ ಗೋಡೆಗೆ ಬಂದ. ಅಶ್ವತ್ಥಮ್ಮ ಗುಂಡಿ ಒತ್ತಿದಳು. ಕರಿ ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರ ಬಂದು ನಿಂತಿತು.

"ಎಫ್ ಒಂದು ಒತ್ತಿ ಅಂತದೆ ಅತ್ತೆ," ಕವಿತ ಓದಿ ಹೇಳಿದಳು.

ಒತ್ತಿದ ಮೇಲೆ ಎಲ್ಲ ಬಂತು. ಬಾಣ ಓಡಾಡಿತು. ಕಾವಿಲ್ಲ, ಗೊರಕೆಯಿಲ್ಲ. ಅಶ್ವತ್ಥಮ್ಮ ಸೆರಗು ಸರಿಮಾಡಿಕೊಂಡು ಮಗನ ಮುಖ ನೋಡಿದಳು.

"ರೇಟು ತೋರಿಸ್ಲಿ," ಎಂದ ಮುರಳಿ.

ರೇಟಿನ ಪುಟ ತೆರೆಯಲಿಲ್ಲ. ಅದರ ಬದಲು ಕೆಂಪಗೆ ಏನೋ ಬಂತು.

"ಈ ಪುಟಾನ ನಂಬಕ್ಕಾಗಲ್ಲ ಅಂತದೆ," ಎಂದಳು ಕವಿತ.

"ದಿನಾ ನಂಬ್ತಿತ್ತಲ್ಲ?"

ಎಷ್ಟು ಸಲ ಒತ್ತಿದರೂ ಅದೇ ಕೆಂಪು. ಬಯ್ಯಪ್ಪ ಒಳಗೆ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು, ತೂಕ ಅಂದಾಜು ಮಾಡಿದ. ಅಶ್ವತ್ಥಮ್ಮ ಆ ಕೈಯನ್ನೇ ನೋಡಿದಳು. ಮಾತು ಮಾತೇ. ಎದ್ದು, ಪೆಟ್ಟಿಗೆ ಎತ್ತಲು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ತಡೀರಿ ಅತ್ತೆ," ಎಂದಳು ಕವಿತ, ಪರದೆಯ ಮೂಲೆಗೆ ಬಗ್ಗಿ. "ಇದರಲ್ಲಿ ಇವತ್ತು ಎರಡು ಸಾವಿರದ ಒಂಬತ್ತನೇ ಇಸವಿ, ಜನವರಿ ಒಂದು. ಇದರ ಪ್ರಕಾರ ನಂಗಿನ್ನೂ ಮದುವೇನೇ ಆಗಿಲ್ಲ."

"ಹಂಗಾದ್ರೆ ಗಂಟುಮೂಟೆ ಕಟ್ಟು, ತೌರಿಗೆ ಬಿಟ್ಟು ಬರ್ತೀನಿ," ಎಂದ ಮುರಳಿ.

ಕೋನಪ್ಪ ನಕ್ಕ. ಬಯ್ಯಪ್ಪನೂ ನಕ್ಕ. ಅಶ್ವತ್ಥಮ್ಮ ಆ ಮೂಲೆಯ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಅದರಲ್ಲಿ ನಿಮ್ಮಪ್ಪಾನೂ ಇನ್ನೂ ಇದಾರೆ. ಅದಕ್ಕೇನು ಗೊತ್ತು, ಪಾಪ," ಎಂದಳು.

ತಾರೀಖು ತಪ್ಪಿದ್ದರೆ ಪುಟ ತೆರೆಯುವುದಿಲ್ಲವೆಂದು ಕವಿತಳೇ ಹೇಳಿದಳು. ಅವಳು ಸರಿಮಾಡಿದ ಕೂಡಲೇ ರೇಟು ಬಂತು. ಆದರೆ ಪೆಟ್ಟಿಗೆ ಆರಿಸಿ ಪ್ಲಗ್ಗು ಕಿತ್ತು ಹಾಕಿದರೆ ಮತ್ತೆ ಒಂಬತ್ತನೇ ಇಸವಿ. ಮುರಳಿ ತಗಡು ಬಿಚ್ಚಿ ಟಾರ್ಚು ಬಿಟ್ಟ.

"ಅಮ್ಮ, ಈ ಶೆಲ್ಲಿನ ಪಕ್ಕ ಒಂದು ಗೂಡಿನ ಚೂರಿತ್ತಲ್ಲ?"

"ಇತ್ತು."

"ಎಲ್ಲಿ?"

"ತಿಪ್ಪೇಲಿ."

"ಕೊಂಡಿ ಸಡಿಲ ಆಗಿದೆ ಅಂತ ಅಪ್ಪ ಸಿಗಿಸಿದ್ದು ಅದು. ಶೆಲ್ಲು ಗಟ್ಟಿ ಕೂತಿದ್ರೆ ಕರೆಂಟು ಹೋದ್ರೂ ಇದಕ್ಕೆ ತಾರೀಖು ನೆನಪಿರ್ತದೆ."

"ಇನ್ನೊಂದು ಚೂರು ತರ್ತೀನಿ. ಈ ಮನೇಲಿ ಗೂಡಿಗೇನು ಬರ?"

"ಸಿಗಿಸಕ್ಕೆ ಕೊಂಡಿ ಇರ್ಬೇಕಲ್ಲಮ್ಮ. ಕೊಂಡಿ ಎಲ್ಲೋಯ್ತು?"

ಅಶ್ವತ್ಥಮ್ಮ ತಿಪ್ಪೆಯ ಕಡೆ ನೋಡಿದಳು.

"ಆವಲಣ್ಣ ಹೇಳಿರ್ಲಿಲ್ವಾ ಅಕ್ಕ, ಎಲ್ಲರ ಕೈಲೂ ಆಗಲ್ಲ ಅಂತ," ಎಂದ ಕೋನಪ್ಪ.

"ರೇಟು ಬಂತಾ ಇಲ್ವಾ? ಅಷ್ಟು ಹೇಳು."

ಬಂದಿತ್ತು. ಅದನ್ನು ಯಾರೂ ಇಲ್ಲವೆನ್ನುವಂತಿರಲಿಲ್ಲ. "ಪೋನೀ, ಹೋಗ್ಲಿ ಬಿಡಮ್ಮ," ಎಂದ ಬಯ್ಯಪ್ಪ, ಬಂದ ದಾರಿಗೆ ಸುಂಕವಾದರೂ ಆಗಲೆಂದು ಸುಟ್ಟ ಬೋರ್ಡನ್ನು ಗಾಡಿಗೆ ಹಾಕಿಕೊಂಡು ಹೋದ. ಫ್ರಿಜ್ಜು ಅಡುಗೆಮನೆಯ ಬಾಗಿಲಿಗೆ ಅಡ್ಡ ಕೂತಿತು. ಎಲ್ಲರೂ ಈಗ ಅದನ್ನು ಸುತ್ತಿಕೊಂಡು ಓಡಾಡುತ್ತಾರೆ.

ಅವತ್ತಿನಿಂದ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಬಂದ ಮೇಲೆ ಅಶ್ವತ್ಥಮ್ಮ ಪಂಚೆ ತೆಗೆದು, ರಾತ್ರಿ ಕಿತ್ತಿಟ್ಟ ಪ್ಲಗ್ಗು ಹಾಕಿ ಗುಂಡಿ ಒತ್ತುತ್ತಾಳೆ. ಎಫ್ ಒಂದು ಒತ್ತುತ್ತಾಳೆ. ಆಮೇಲೆ ತಾರೀಖು. ಅಂಕಿಯನ್ನು ನೇರವಾಗಿ ಹೊಡೆಯಬಹುದೆಂದು ಕವಿತ ತೋರಿಸಿಕೊಟ್ಟಿದ್ದಾಳೆ. ಅಶ್ವತ್ಥಮ್ಮ ಮಾತ್ರ ಬಾಣದ ಗುಂಡಿಯನ್ನೇ ಒತ್ತುತ್ತಾಳೆ. ಒಂದು ಒತ್ತಿಗೆ ಒಂದು ವರ್ಷ.

ಗೋಡೆಯ ಮೇಲಿಂದ ಕೋನಪ್ಪ ಕೂಗುತ್ತಾನೆ.

"ಅಕ್ಕ, ಗೂಡು ಎಷ್ಟಕ್ಕೆ ಹೋಯ್ತು?"

"ತಡಿಯಪ್ಪ, ಇನ್ನೂ ಹದಿನಾಲ್ಕನೇ ಇಸವೀಲಿದೀನಿ. ಬರ್ತೀನಿ."